ಛತ್ರದವನ ಕೈಗಿತ್ತ ಎರಡು ನಾಣ್ಯ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ದಿನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ನರ್ಸಿಂಗ್ ಓದಿನ ಮಾತು ಬರುತ್ತದೆ. ಜೊತೆಗೇ ಎರಡು ದನಿಗಳು ಕೇಳಿಬರುತ್ತವೆ. ‘ಅದು ಸೇವೆ, ದೇವಕರೆ ಇದ್ದವರು ಮಾತ್ರ ಹೋಗಬೇಕು’ ಎನ್ನುತ್ತದೆ ಒಂದು. ‘ನಾಲ್ಕು ವರ್ಷ ಓದಿದರೆ ವಿದೇಶದಲ್ಲಿ ಕೈತುಂಬ ಸಂಬಳ, ಮನೆಯ ಸಾಲ ತೀರುತ್ತದೆ’ ಎನ್ನುತ್ತದೆ ಇನ್ನೊಂದು. ಇವುಗಳ ನಡುವೆ ಸಿಕ್ಕಿಕೊಂಡ ಹದಿನೆಂಟರ ಹುಡುಗಿಯೋ ಹುಡುಗನೋ ತನ್ನೊಳಗೇ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ಸಂಬಳದ ಆಸೆ ಬೆರೆತರೆ ರೋಗಿಯ ಆರೈಕೆ ಸೇವೆಯಾಗಿ ಉಳಿದೀತೇ? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕದೆ ತುಸು ಆಲೋಚಿಸೋಣ.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಒಳ್ಳೆಯ ಸಮಾರಿಯದವನ ಸಾಮತಿ ನಮಗೆಲ್ಲ ಚಿರಪರಿಚಿತ. ದಾರಿಯಲ್ಲಿ ಬಿದ್ದವನಿಗೆ ಮರುಗಿ, ಗಾಯ ಕಟ್ಟಿ, ಛತ್ರಕ್ಕೆ ಕರೆತಂದವನನ್ನು ನಾವು ಕೊಂಡಾಡುತ್ತೇವೆ. ಆದರೆ ಛತ್ರದವನನ್ನು ಮರೆಯುತ್ತೇವೆ. ಮಾರನೆಯ ದಿನ ಸಮಾರಿಯದವನು ತನ್ನ ದಾರಿ ಹಿಡಿದ. ಮುಂದಿನ ಆರೈಕೆ ಛತ್ರದವನ ಪಾಲಿಗೆ ಬಂತು. ಅದಕ್ಕಾಗಿ ಅವನಿಗೆ ಎರಡು ಬೆಳ್ಳಿ ನಾಣ್ಯಗಳು ಸಂದವು. ಅಂದಿನ ಲೆಕ್ಕದಲ್ಲಿ ಅದು ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ಮರಳುವಾಗ ಕೊಡುವೆನೆಂಬ ಮಾತೂ ಆಯಿತು. ಈ ವ್ಯವಹಾರದಲ್ಲಿ ಪ್ರಭು ಯಾವ ಕಳಂಕವನ್ನೂ ಕಾಣಲಿಲ್ಲ. ದಾರಿಯಲ್ಲಿ ಹುಟ್ಟಿದ ಕರುಣೆ ದಿನಗಟ್ಟಲೆ ಬಾಳಬೇಕಾದರೆ ಒಂದು ಸೂರು, ಒಂದು ಹಾಸಿಗೆ, ಕೂಲಿ ಪಡೆದು ದುಡಿಯುವ ಎರಡು ಕೈ ಬೇಕೇಬೇಕು.

ಹಾಗೆಂದು ಸಂಬಳದಿಂದ ಎಲ್ಲವನ್ನೂ ಕೊಳ್ಳಲಾಗದು. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಆಸ್ಪತ್ರೆಯೊಳಗೇ ನಡೆದ ಕ್ರೂರ ದಾಳಿಯಿಂದ ಅವರ ಮಿದುಳಿಗೆ ತೀವ್ರ ಹಾನಿಯಾಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅಲ್ಲಿನ ನರ್ಸುಗಳೇ ಅವರನ್ನು ನೋಡಿಕೊಂಡರು. ಅವರೊಡನೆ ಕೆಲಸ ಮಾಡಿದವರು ನಿವೃತ್ತರಾದರು. ಅವರನ್ನು ಆರೋಗ್ಯವಂತೆಯಾಗಿ ಎಂದೂ ಕಾಣದ ಹೊಸಬರು ಆ ಹೊಣೆಯನ್ನು ವಹಿಸಿಕೊಂಡರು. ಗುಣವಾಗುವ ಭರವಸೆ ಇರಲಿಲ್ಲ. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಆ ನರ್ಸುಗಳು ಒಪ್ಪಲಿಲ್ಲ. 2011ರ ಮಾರ್ಚಿನಲ್ಲಿ ನ್ಯಾಯಾಲಯ ಅವರ ಪ್ರಕರಣದಲ್ಲಿ ಅರ್ಜಿಯನ್ನು ನಿರಾಕರಿಸಿ, ಆಸ್ಪತ್ರೆಯ ಸಿಬ್ಬಂದಿಯ ಆರೈಕೆಯನ್ನು ಮನಸಾರೆ ಮೆಚ್ಚಿಕೊಂಡಿತು.

ಆ ನರ್ಸುಗಳೆಲ್ಲ ಸಂಬಳ ಪಡೆಯುತ್ತಿದ್ದವರೇ. ಅವರಲ್ಲಿ ಎಷ್ಟು ಮಂದಿ ಹೊಟ್ಟೆಪಾಡಿಗಾಗಿ ಈ ವೃತ್ತಿಗೆ ಬಂದಿದ್ದರೋ ಯಾರು ಬಲ್ಲರು? ಸಂಬಳ ಅವರನ್ನು ವಾರ್ಡಿನ ಬಾಗಿಲವರೆಗೆ ಕರೆತಂದಿರಬಹುದು. ಆ ಹಾಸಿಗೆಯ ಬಳಿ ನಾಲ್ಕು ದಶಕ ನಿಲ್ಲಿಸುವ ಶಕ್ತಿ ಸಂಬಳಕ್ಕಿಲ್ಲ. ಉದ್ದೇಶ ಪೂರ್ತಿ ಶುದ್ಧವಾದ ಮೇಲೆಯೇ ಕೆಲಸಕ್ಕೆ ಇಳಿಯುವೆನೆಂದರೆ ನಮ್ಮಲ್ಲಿ ಯಾರೂ ಯಾವ ಕೆಲಸಕ್ಕೂ ಇಳಿಯಲಾರೆವು. ಕೈಹಿಡಿದ ಕೆಲಸವನ್ನು ನಿಷ್ಠೆಯಿಂದ ಮಾಡುತ್ತ ಹೋದಂತೆ ಉದ್ದೇಶವೂ ತಿಳಿಯಾಗುತ್ತದೆ.

ಓದಿನ ಮಹತ್ವವಿರುವುದು ಇಲ್ಲಿಯೇ. 1860ರಲ್ಲಿ ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ತರಬೇತಿ ಶಾಲೆ ಆರಂಭವಾದಂದಿನಿಂದ ಜಗತ್ತು ಒಂದು ಸತ್ಯವನ್ನು ಒಪ್ಪಿಕೊಂಡಿದೆ: ಮರುಕವೊಂದೇ ಸಾಲದು, ಕಲಿಕೆ ಬೇಕು. ತಾನಾಗಿ ಹೊರಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ವಾಡಿಕೆ. ತಪ್ಪಿದರೆ ಒತ್ತಡ ಬಿದ್ದಲ್ಲಿ ರಕ್ತ ಹರಿಯದೆ ಚರ್ಮ ಹುಣ್ಣಾಗುತ್ತದೆ. ರಾತ್ರಿ ಮೂರು ಗಂಟೆಗೆ, ಕಣ್ಣು ಎಳೆಯುವಾಗ, ಈ ಕೆಲಸ ಮಾಡಿಸುವುದು ಅಭ್ಯಾಸ. ಮಲಮೂತ್ರ, ಕೀವು ಕಂಡು ಹೇಸುವುದು ಸಹಜ. ಆ ಹೇಸಿಗೆ ರೋಗಿಯ ಕಣ್ಣಿಗೆ ಬೀಳದಂತೆ ಕೆಲಸ ಮಾಡುವುದನ್ನು ಕಲಿಯಬೇಕು. ಸದ್ಗುಣವೆಂದರೆ ಮನಸ್ಸಿನಲ್ಲಿ ನೆಲೆಗೊಂಡ ಒಳ್ಳೆಯ ರೂಢಿ ಎಂದು ಸಂತ ಥಾಮಸ್ ಅಕ್ವಿನಾಸರು ವಿವರಿಸಿದರು. ಮೂರು ವರ್ಷದ ಜಿ.ಎನ್.ಎಂ. ಆಗಲಿ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಆಗಲಿ, ಅಂಥ ರೂಢಿಯ ಪಾಠಶಾಲೆಯಾಗಬೇಕು.

ಇನ್ನೊಂದು ಮಾತನ್ನೂ ಹೇಳಲೇಬೇಕು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ಆರಂಭಿಸಿದ ಔಷಧಾಲಯ, 1886ರಲ್ಲಿ ಬೆಂಗಳೂರಿನಲ್ಲಿ ಧರ್ಮಭಗಿನಿಯರು ತೆರೆದ ಸಂತ ಮಾರ್ತಾ ಆಸ್ಪತ್ರೆ, ಇವು ನಮ್ಮ ನಾಡಿನ ಹೆಮ್ಮೆ. ಧರ್ಮಭಗಿನಿಯರು ಸ್ವಂತಕ್ಕೆಂದು ಏನನ್ನೂ ಬಯಸದೆ ದುಡಿದರು. ಅವರ ಅನ್ನವಸ್ತ್ರದ ಹೊಣೆಯನ್ನು ಅವರ ಸಭೆ ಹೊತ್ತಿತು. ಇಂದಿನ ನರ್ಸಿಗೆ ಹಾಗಲ್ಲ. ಓದಿನ ಸಾಲ, ವಯಸ್ಸಾದ ತಂದೆತಾಯಿ, ಮಕ್ಕಳ ಶಾಲೆ, ಎಲ್ಲವೂ ಆಕೆಯ ಹೆಗಲ ಮೇಲಿವೆ. ‘ಇದು ಸೇವೆಯಲ್ಲವೇ’ ಎಂದು ಹೇಳಿ ಆಕೆಯ ಸಂಬಳ ಕಡಿತಗೊಳಿಸುವುದು, ಒಬ್ಬರ ಮೇಲೆ ಮೂವರ ಕೆಲಸ ಹೇರುವುದು ಎಲ್ಲಿಯೇ ನಡೆಯಲಿ, ಅನ್ಯಾಯವೇ. ತ್ಯಾಗವನ್ನು ತಾನಾಗಿ ಕೊಡಬಹುದು. ಬೇರೆಯವರು ಅದನ್ನು ವಸೂಲಿ ಮಾಡುವಂತಿಲ್ಲ. 2025ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ ಜಗತ್ತಿನಲ್ಲಿ ಸುಮಾರು 58 ಲಕ್ಷ ನರ್ಸುಗಳ ಕೊರತೆಯಿದೆ. ಹೊರದೇಶಕ್ಕೆ ಹೋಗುವವರನ್ನು ದೂರುವ ಮುನ್ನ, ಇಲ್ಲಿಯೇ ಉಳಿದವರಿಗೆ ನಾವು ಕೊಟ್ಟದ್ದೇನು ಎಂದು ಕೇಳಿಕೊಳ್ಳೋಣ.

ತಂದೆತಾಯಿಗಳೇ, ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಕಲಿಯಲು ನಿಜವಾಗಿ ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂದು ವಿಚಾರಿಸಿಯೇ ಹಣ ಕಟ್ಟಿರಿ. ಯುವ ಮಿತ್ರರೇ, ಸಂಬಳ ಬೇಕೆನಿಸಿದ್ದಕ್ಕೆ ನಾಚಬೇಡಿರಿ. ಬದಲಿಗೆ ನಿಮ್ಮನ್ನು ನೀವೇ ಹೀಗೆ ಕೇಳಿಕೊಳ್ಳಿರಿ: ನನ್ನ ಹೆಸರನ್ನೂ ಅರಿಯದ, ನನಗೊಂದು ವಂದನೆ ಹೇಳಲೂ ಆಗದ ಒಬ್ಬರ ಮೈ ತೊಳೆಯುವುದನ್ನು ನಾನು ಕಲಿಯಬಲ್ಲೆನೇ? ‘ಕಲಿಯಬಲ್ಲೆ’ ಎಂದು ಮನಸ್ಸು ಹೇಳಿದರೆ ಅಷ್ಟು ಸಾಕು. ಧೈರ್ಯವಾಗಿ ಅರ್ಜಿ ತುಂಬಿರಿ.