ಮುಖ್ಯೋಪಾಧ್ಯಾಯರ ಅಧಿಕಾರಕ್ಕೆ ಆಧಾರವೇನು?

ಶಾಲೆಯ ಏಳಿಗೆಗೆ ಮುಖ್ಯೋಪಾಧ್ಯಾಯರೇ ಹೊಣೆಯೆಂದು ಎಲ್ಲರೂ ಹೇಳುತ್ತಾರೆ. ಆದರೆ ಮಕ್ಕಳೆದುರಿಗೆ ದಿನವೂ ನಿಂತು ಪಾಠ ಹೇಳುವವರು ಬಹುಮಟ್ಟಿಗೆ ಸಹೋಪಾಧ್ಯಾಯರು. ಮಕ್ಕಳ ಕಲಿಕೆ ಉತ್ತಮಗೊಳ್ಳಬೇಕಾದರೆ ಅವರ ಬೋಧನೆ ಉತ್ತಮಗೊಳ್ಳಬೇಕು; ಅದಕ್ಕಾಗಿ ಅವರೂ ಕಲಿಯುತ್ತಲೇ ಇರಬೇಕು. ಹಾಗಾದರೆ, ವಯಸ್ಸಿನಲ್ಲಿಯೂ ಅನುಭವದಲ್ಲಿಯೂ ತಮಗೆ ಸಮಾನರಾದವರಿಗೆ 'ನೀವು ಇನ್ನೂ ಕಲಿಯಿರಿ' ಎಂದು ಹೇಳುವ ಹಕ್ಕು ಮುಖ್ಯೋಪಾಧ್ಯಾಯರಿಗೆ ಎಲ್ಲಿಂದ ಬರುತ್ತದೆ?

ಸರ್ಕಾರದ ಆದೇಶದಿಂದ ಎನ್ನಬಹುದು. ಪ್ರತಿ ಐದು ವರ್ಷಗಳ ಸೇವೆಯಲ್ಲಿ ಉಪಾಧ್ಯಾಯರಿಗೆ ಎರಡು ಮೂರು ತಿಂಗಳಾದರೂ ತರಬೇತಿ ದೊರೆಯಬೇಕೆಂದು 1964-66ರ ಕೊಠಾರಿ ಆಯೋಗವೇ ಹೇಳಿತ್ತು. ಆದೇಶವು ಅವಶ್ಯವೇ, ಆದರೆ ಅದರಿಂದ ದೊರೆಯುವುದು ಹಾಜರಿ. ಶಿಬಿರದಲ್ಲಿ ಕುಳಿತವರ ಮನಸ್ಸು ಕಲಿಯಿತೇ, ಮರುದಿನದ ಪಾಠ ಬದಲಾಯಿತೇ ಎಂಬುದನ್ನು ಯಾವ ಹಾಜರಿ ಪುಸ್ತಕವೂ ಹೇಳಲಾರದು.

ನಮ್ಮ ಹೊಸೂರು, ಡೆಂಕಣಿಕೋಟೆ, ತಳಿ ಪ್ರದೇಶದ ಕನ್ನಡ ಶಾಲೆಗಳಲ್ಲಿ ಈ ಪ್ರಶ್ನೆ ಇನ್ನೂ ತೀವ್ರವಾಗುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಸೇಲಂ ಜಿಲ್ಲೆಯಲ್ಲಿದ್ದುದು 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಜಿಲ್ಲೆಯ ಹೆಸರು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಲ್ಲಿ ಸೇರಿಸಿದ ಸಂವಿಧಾನದ 350ಎ ವಿಧಿ ಹೇಳುತ್ತದೆ. ಕಾನೂನು ಶಾಲೆಯನ್ನು ಕೊಡಬಲ್ಲದು. ಒಳ್ಳೆಯ ಪಾಠವನ್ನು ಕೊಡಲಾರದು. ಪಾಠ ಸೊರಗಿದರೆ ತಾಯಿತಂದೆಯರು ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ, ಅವರನ್ನು ದೂಷಿಸುವಂತಿಲ್ಲ.

ಇಲ್ಲಿಯ ಕನ್ನಡ ಉಪಾಧ್ಯಾಯರ ಹೊರೆಯೂ ಹೆಚ್ಚಿನದು. ಮಗುವಿನ ಮನೆಮಾತು ಕನ್ನಡವಿರಬಹುದು, ತೆಲುಗೂ ಇರಬಹುದು. 2006ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ತಮಿಳನ್ನೂ ಅದು ಕಲಿಯಬೇಕು. ತರಬೇತಿಯ ಮಾತು ರಾಜ್ಯಭಾಷೆಯಲ್ಲಿ ನಡೆಯುವುದು ಸಹಜ. ಅಲ್ಲಿ ಕೇಳಿದ್ದನ್ನು ಕನ್ನಡ ಪಾಠಕ್ಕೆ ಅಳವಡಿಸುವ ಕೆಲಸ ಉಪಾಧ್ಯಾಯರೊಬ್ಬರ ಮೇಲೆಯೇ ಬೀಳುತ್ತದೆ. ಈ ಒಂಟಿತನವನ್ನು ಕಳೆಯುವುದೇ ಮುಖ್ಯೋಪಾಧ್ಯಾಯರ ಮೊದಲ ಕರ್ತವ್ಯ.

ಮುಖ್ಯೋಪಾಧ್ಯಾಯರಿಗೇ ಕನ್ನಡ ಬಾರದಿದ್ದರೆ? ತಮಿಳು, ಕನ್ನಡ ಎರಡೂ ವಿಭಾಗಗಳಿರುವ ಶಾಲೆಯಲ್ಲಿ ಇದು ಸಂಭವವೇ. ಆಗಲೂ ಅವರು ಕನ್ನಡ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಯಾವ ಮಗು ಗಂಟೆಯುದ್ದಕ್ಕೂ ಬಾಯಿ ತೆರೆಯಲಿಲ್ಲ ಎಂಬುದನ್ನು ಕಾಣಬಲ್ಲರು. 'ಈ ಮಾತಿನ ಅರ್ಥವೇನು, ಮಗು ಇಲ್ಲಿ ಏಕೆ ತಡವರಿಸಿತು?' ಎಂದು ಉಪಾಧ್ಯಾಯಿನಿಯನ್ನು ಕೇಳಬಲ್ಲರು. ಹಾಗೆ ಕೇಳುವುದರಿಂದ ಹಿರಿಯರ ಘನತೆ ಕುಂದುವುದಿಲ್ಲ. ಕಲಿಯುವುದು ನಾಚಿಕೆಯ ವಿಷಯವಲ್ಲವೆಂಬುದು ಇಡೀ ಶಾಲೆಗೆ ತಿಳಿಯುತ್ತದೆ.

ಒಂದು ಸಣ್ಣ ಉದಾಹರಣೆಯನ್ನು ನೋಡೋಣ. 52ರಿಂದ 27ನ್ನು ಕಳೆಯಲು ಹೇಳಿದರೆ ಕೆಲವು ಮಕ್ಕಳು 35 ಎಂದು ಬರೆಯುತ್ತಾರೆ. ಅಜಾಗ್ರತೆಯೆಂದು ಗೀಟು ಎಳೆದರೆ ಮಾತು ಅಲ್ಲಿಗೆ ಮುಗಿಯಿತು. ನಾಲ್ವರು ಉಪಾಧ್ಯಾಯರು ಆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಳಿತರೆ, ಮಗು ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆಯೆಂದು ತಿಳಿಯುತ್ತದೆ. ಮಗು ನಿಯಮವಿಲ್ಲದೆ ಬರೆದಿಲ್ಲ. ತಪ್ಪು ನಿಯಮವೊಂದನ್ನು ನಿಷ್ಠೆಯಿಂದ ಪಾಲಿಸಿದೆ. ದಶಕವನ್ನು ಬಿಡಿಯಾಗಿಸುವುದನ್ನು ಹುಣಿಸೆಬೀಜದ ಗುಂಪುಗಳಿಂದ ಹೇಗೆ ತೋರಿಸಬೇಕೆಂಬ ಚರ್ಚೆ ಅಲ್ಲಿಂದ ಮೊದಲಾಗುತ್ತದೆ. ಉಪಾಧ್ಯಾಯರ ನಿಜವಾದ ತರಬೇತಿ ಇದೇ.

ಆದರೆ ಇದಕ್ಕೊಂದು ತೊಡಕುಂಟು. ಮುಖ್ಯೋಪಾಧ್ಯಾಯರು ಸಹಾಧ್ಯಾಯಿಯೂ ಹೌದು, ಪರೀಕ್ಷಕರೂ ಹೌದು. ಇಂದು ನಂಬಿ ಹೇಳಿಕೊಂಡ ಕಷ್ಟ ನಾಳೆ ವರದಿಯಲ್ಲಿ ದೋಷವಾಗಿ ಕಾಣಿಸಿಕೊಂಡರೆ, ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಕರ್ತವ್ಯಭ್ರಷ್ಟರನ್ನು ಪ್ರಶ್ನಿಸುವ ಅಧಿಕಾರವನ್ನು ಅವರು ಬಿಟ್ಟುಕೊಡಬೇಕಾಗಿಲ್ಲ. ಆದರೆ ಕಲಿಯಲೆಂದು ತೋರಿಸಿದ ಕೊರತೆ ಬೇರೆ, ಕರ್ತವ್ಯದಲ್ಲಿ ತೋರಿದ ಉದಾಸೀನ ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಈ ವಿವೇಕಕ್ಕೆ ಪ್ರಮಾಣವೆಂದರೆ, ಅವರು ಮೊದಲು ತಮ್ಮ ತರಗತಿಯ ಬಾಗಿಲನ್ನೇ ತೆರೆದು 'ಬನ್ನಿ, ನನ್ನ ಪಾಠದಲ್ಲಿ ಎಡವಿದ್ದೆಲ್ಲಿ ಹೇಳಿ' ಎನ್ನುವುದು. ಇಲ್ಲದಿದ್ದರೆ 'ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ' ಎಂಬ ಗಾದೆಗೆ ಅವರೇ ನಿದರ್ಶನವಾದಾರು.

ಸಂಶೋಧನೆಯೂ ಇದನ್ನೇ ಸಮರ್ಥಿಸುತ್ತದೆ. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಶಾಲಾ ನಾಯಕತ್ವದ ಐದು ಬಗೆಯ ಕಾರ್ಯಗಳನ್ನು ತೂಗಿ ನೋಡಿದರು. ಉಪಾಧ್ಯಾಯರ ಕಲಿಕೆಯನ್ನು ಪ್ರೋತ್ಸಾಹಿಸಿ, ತಾವೂ ಅದರಲ್ಲಿ ಪಾಲುಗೊಳ್ಳುವುದು ಮಕ್ಕಳ ಕಲಿಕೆಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತ್ತು. ಅವರ ಅಳತೆಯಲ್ಲಿ ಅದು 0.84, ಶಿಸ್ತಿನ ಪರಿಸರವನ್ನು ಏರ್ಪಡಿಸುವುದು 0.27.

ಪತ್ರವ್ಯವಹಾರ, ಲೆಕ್ಕಪತ್ರ, ಮಧ್ಯಾಹ್ನದ ಊಟ, ಇವುಗಳ ನಡುವೆ ಸಮಯವೆಲ್ಲಿ ಎಂದು ಕೇಳುವವರುಂಟು. ಆಕ್ಷೇಪ ನ್ಯಾಯವಾದದ್ದೇ. ಆದರೆ ವಾರಕ್ಕೊಂದು ಗಂಟೆಯಾದರೂ ಸಾಕು. ಚಿಕ್ಕ ಶಾಲೆಗಳು ನೆರೆಯ ಶಾಲೆಗಳೊಡನೆ ಕೂಡಿಕೊಳ್ಳಬಹುದು. ಪ್ರೌಢಶಾಲೆಯೊಂದರ ಸುತ್ತ ಪ್ರಾಥಮಿಕ ಶಾಲೆಗಳನ್ನು ಹೆಣೆಯುವ ಸಲಹೆಯನ್ನೂ ಕೊಠಾರಿ ಆಯೋಗವೇ ನೀಡಿತ್ತು.

ಮುಖ್ಯೋಪಾಧ್ಯಾಯರಿಗೆ ಕುರ್ಚಿಯನ್ನು ಸರ್ಕಾರ ಕೊಡುತ್ತದೆ. 'ನೀವೂ ಕಲಿಯಿರಿ' ಎನ್ನುವ ಹಕ್ಕನ್ನು ಅವರು ತಾವು ಕಲಿಯುತ್ತಲೇ ಸಂಪಾದಿಸಬೇಕು. ಗಡಿನಾಡಿನ ಕನ್ನಡ ಶಾಲೆ ಉಳಿಯಬೇಕೆಂಬ ಆಸೆಯುಳ್ಳವರು ಹೊಸ ಕಟ್ಟಡವನ್ನು ಕೇಳುವಷ್ಟೇ ಆಸ್ಥೆಯಿಂದ ಆ ಒಂದು ಗಂಟೆಯನ್ನೂ ಕೇಳಬೇಕು.