ಓದು ಒಕ್ಕಾಲು, ಬುದ್ಧಿ ಮುಕ್ಕಾಲು

ಈ ಗಾದೆಯನ್ನು ನಮ್ಮ ಜನರು ಬಹುಮಟ್ಟಿಗೆ ಓದಿದವನನ್ನು ಹಳಿಯುವುದಕ್ಕೆಂದೇ ಬಳಸುವರು. ಪದವಿಗಳನ್ನು ಗಳಿಸಿಯೂ ಲೋಕವ್ಯವಹಾರವನ್ನರಿಯದೆ ಎಡವಿದವನ ಬೆನ್ನ ಹಿಂದೆ ಇದು ಕೇಳಿಬರುವುದುಂಟು. ಆದರೆ ಗಾದೆಯು ಓದನ್ನು ತಳ್ಳಿಹಾಕಿಲ್ಲ, ಅದಕ್ಕೊಂದು ಪಾಲನ್ನು ಕೊಟ್ಟೇ ಕೊಟ್ಟಿದೆ. ಉಳಿದ ಮೂರು ಪಾಲು ಎಲ್ಲಿಂದ ಒದಗತಕ್ಕದ್ದೆಂಬುದೇ ವಿಚಾರಣೀಯವಾದ ಅಂಶ. ಅದು ಹುಟ್ಟಿನಿಂದಲೇ ಬರುವುದೆಂದು ಕೆಲವರ ಅಭಿಪ್ರಾಯ. ಓದಿದ್ದನ್ನು ನಾಲ್ವರೊಡನೆ ಕುಳಿತು ಕೆದಕಿ, ಪ್ರಶ್ನಿಸಿ, ಆಕ್ಷೇಪಿಸಿ, ಕಡೆಗೊಮ್ಮೆ ಒಪ್ಪುವುದರಿಂದ ಬರುವುದೆಂದು ನನ್ನ ಮತ.

ನಮ್ಮ ಗಮಕ ಸಂಪ್ರದಾಯವೇ ಇದಕ್ಕೆ ಸಾಕ್ಷಿ. ಗಮಕಿಯು ಕುಮಾರವ್ಯಾಸನದೋ ಲಕ್ಷ್ಮೀಶನದೋ ಒಂದು ಷಟ್ಪದಿಯನ್ನು ರಾಗವಾಗಿ ವಾಚಿಸಿ ನಿಲ್ಲಿಸಿದೊಡನೆ, ವ್ಯಾಖ್ಯಾನಕಾರನು ಅದಕ್ಕೆ ಹಲವು ಪಟ್ಟು ಕಾಲವನ್ನು ವ್ಯಯಿಸಿ ಅರ್ಥವನ್ನು ಬಿಡಿಸುವನು. ಅಕ್ಷರವನ್ನೇ ಅರಿಯದ ಅಜ್ಜಿಯೂ ಮರುದಿನ ಕರ್ಣನ ಪಕ್ಷ ವಹಿಸಿ ವಾದಿಸಬಲ್ಲವಳಾಗುತ್ತಿದ್ದುದು ಈ ಮುಕ್ಕಾಲಿನ ಪ್ರಭಾವದಿಂದಲೇ. ಆಶ್ಚರ್ಯವೆಂದರೆ, 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೂ ಇದನ್ನೇ ನುಡಿಯಿತು: ಎರಡು ಗುಂಪಿನ ಶಿಶುಗಳಿಗೂ ತಂದೆತಾಯಿಗಳು ಪುಸ್ತಕವನ್ನು ಓದಿಹೇಳಿದರು, ಆದರೆ ಯಾರ ಮನೆಯಲ್ಲಿ ಓದನ್ನು ನಡುನಡುವೆ ನಿಲ್ಲಿಸಿ ಮಗುವನ್ನು ಪ್ರಶ್ನಿಸಿ, ಅದರ ಉತ್ತರವನ್ನು ಬೆಳೆಸಿದರೋ ಅಲ್ಲಿಯ ಮಕ್ಕಳ ಮಾತು ಹೆಚ್ಚು ಬೆಳೆಯಿತು.

ಟೆಕ್ಸಾಸಿನ ಕನ್ನಡ ಮನೆಗಳಿಗೆ ಈ ಗಾದೆಯ ಅಗತ್ಯ ವಿಶೇಷವಾಗಿ ಉಂಟು. ಒಂದು ಕಾಲಕ್ಕೆ ಹತ್ತಿಯ ವ್ಯಾಪಾರಕ್ಕೆ ಹೆಸರಾಗಿದ್ದ, ಆಸ್ಟಿನ್ನಿನ ಈಶಾನ್ಯಕ್ಕಿರುವ ಟೇಲರ್ ಎಂಬ ಸಣ್ಣ ಪಟ್ಟಣವನ್ನೇ 2021ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆ ತನ್ನ ಚಿಪ್ ಕಾರ್ಖಾನೆಗೆ ಆರಿಸಿಕೊಂಡಿತು. ಇಂಥ ಉದ್ಯಮಗಳನ್ನರಸಿ ಬಂದವರ ಹಗಲೆಲ್ಲ ಕಚೇರಿಗೂ ಹೆದ್ದಾರಿಗೂ ಸಲ್ಲುತ್ತದೆ. ಡಲ್ಲಾಸಿನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ನಿನ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘಗಳು ಹಬ್ಬಹರಿದಿನಗಳಲ್ಲಿ ಜನರನ್ನು ಕೂಡಿಸುತ್ತವೆ. ಅಮೆರಿಕ ಕನ್ನಡ ಕೂಟಗಳ ಆಗರವಾದ ‘ಅಕ್ಕ’ ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನ 2018ರಲ್ಲಿ ಡಲ್ಲಾಸಿನಲ್ಲಿಯೇ ನೆರೆದಿತ್ತು. ಆದರೆ ಬುಧವಾರದ ರಾತ್ರಿ ಊಟವಾದ ಮೇಲೆ ಮಗುವಿನೊಡನೆ ಕುಳಿತು ಓದುವ ಅರ್ಧ ಗಂಟೆಯನ್ನು ಯಾವ ಸಂಘವೂ ನಡೆಸಿಕೊಡಲಾರದು.

ಆ ಅರ್ಧ ಗಂಟೆ ದೊರೆತ ಮನೆಗಳಲ್ಲಿಯೂ ಒಂದು ಅನರ್ಥ ಸಂಭವಿಸುವುದನ್ನು ಕಂಡಿದ್ದೇನೆ. ಮಗು ಒತ್ತಕ್ಷರದಲ್ಲಿ ತಡವರಿಸಿದೊಡನೆ ಅಪ್ಪ ತಿದ್ದುವನು, ಅಮ್ಮ ಮತ್ತೊಮ್ಮೆ ಓದಿಸುವಳು. ಕಥೆ ಅಲ್ಲಿಯೇ ಸಾಯುತ್ತದೆ. ಇದು ಓದಿಗೇ ನಾಲ್ಕು ಪಾಲನ್ನೂ ಕೊಟ್ಟ ಹಾಗಾಯಿತು. ಅಕ್ಷರಾಭ್ಯಾಸಕ್ಕೆ ವಾರಾಂತ್ಯದ ತರಗತಿ ಇದೆ. ಮನೆಯಲ್ಲಿ ಹಿರಿಯರೇ ಓದಲಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ತೆಗೆದುಕೊಳ್ಳಿ, ಅದಕ್ಕೆ ಮೂಲವಾದ ಬ್ರೌನಿಂಗನ ಇಂಗ್ಲಿಷ್ ಪದ್ಯದ ಕಥೆಯನ್ನು ಶಾಲೆಯಲ್ಲಿ ಕೇಳಿದ ಮಗುವಿಗೆ ಇಲ್ಲಿ ಹಳೆಯ ಪರಿಚಯವೊಂದು ದೊರೆಯುವುದು. ಕೊಟ್ಟ ಮಾತಿಗೆ ತಪ್ಪಿದ ಗೌಡನ ತಪ್ಪಿಗೆ ಜೋಗಿಯು ಊರ ಮಕ್ಕಳನ್ನು ಕರೆದೊಯ್ದುದು ನ್ಯಾಯವೇ ಎಂದು ಅದನ್ನು ಕೇಳಿನೋಡಿ. ಉತ್ತರ ಅರ್ಧ ಇಂಗ್ಲಿಷಿನಲ್ಲಿಯೇ ಬಂದರೂ ಬರಲಿ, ತಡೆಯಬಾರದು. ಮರುಮಾತನ್ನು ಮಾತ್ರ ನೀವು ಕನ್ನಡದಲ್ಲಿಯೇ ಆಡಿರಿ.

ಇನ್ನು ಗ್ರಂಥಾಭಾವದ ಮಾತು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ 2015ರಿಂದ ಮಕ್ಕಳ ಕಥೆಗಳನ್ನು ಕನ್ನಡದಲ್ಲಿಯೂ ಉಚಿತವಾಗಿ ಒದಗಿಸುತ್ತಿರುವುದರಿಂದ, ಪುಸ್ತಕ ಸಿಗುವುದಿಲ್ಲವೆಂಬ ನೆಪ ಇನ್ನು ನಡೆಯದು.