ಮೆಚ್ಚುವವನ ಹೊಣೆ

ಮನೆಯ ಹುಡುಗ ಹೊಸ ಹಾಡೊಂದನ್ನು ದಿನವಿಡೀ ಗುನುಗುತ್ತಾನೆ. ನೆಚ್ಚಿನ ನಟನ ಚಿತ್ರ ಬಿಡುಗಡೆಯಾಗುವ ದಿನವನ್ನು ಪರೀಕ್ಷೆಯ ದಿನಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾನೆ. ಅವನ ತಂಗಿ ಚಿತ್ರಕಥೆಯ ಪುಸ್ತಕದಲ್ಲಿ ಮುಖ ಹುದುಗಿಸಿದರೆ ಊಟಕ್ಕೆ ಕರೆದರೂ ಏಳುವುದಿಲ್ಲ. ನೀವು ಗದರಿಸುತ್ತೀರಿ. ಇಲ್ಲವೇ ವಯಸ್ಸಿನ ಹುಚ್ಚು ಎಂದು ಸುಮ್ಮನಾಗುತ್ತೀರಿ. ಇವೆರಡೂ ಸಾಲವು. ಏಕೆಂದರೆ ಗದರಿಸುವವರಾಗಲಿ ಸುಮ್ಮನಾಗುವವರಾಗಲಿ, ಆ ಮಕ್ಕಳನ್ನು ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಕೇಳುವುದಿಲ್ಲ.

ಸಂಗೀತ ಮತ್ತು ಚಲನಚಿತ್ರಗಳ ಬಗ್ಗೆ ಉಲಮಾಗಳ ನಡುವೆ ಇರುವ ಚರ್ಚೆ ಓದುಗರಿಗೆ ತಿಳಿದದ್ದೇ. ಅದನ್ನು ಇಲ್ಲಿ ಎತ್ತಿಕೊಳ್ಳುತ್ತಿಲ್ಲ. ಇಲ್ಲಿನ ಪ್ರಶ್ನೆ ಬೇರೆ. ಹಾಡುವವನಿಗೆ, ನಟಿಸುವವನಿಗೆ, ಬರೆಯುವವನಿಗೆ ಹೊಣೆಯಿದೆ ಎಂದು ನಾವೆಲ್ಲರೂ ಹೇಳುತ್ತೇವೆ. ಮೆಚ್ಚುವವನಿಗೆ ಹೊಣೆಯಿಲ್ಲವೇ?

ಕನ್ನಡದ ‘ಅಭಿಮಾನ’ ಎಂಬ ಶಬ್ದವನ್ನೇ ನೋಡಿ. ಅದಕ್ಕೆ ಪ್ರೀತಿ ಎಂಬ ಅರ್ಥವಿದೆ, ಆತ್ಮಗೌರವ ಎಂಬ ಅರ್ಥವೂ ಇದೆ. ‘ಅಭಿಮಾನ ಇರುವವನು ಇಂಥ ಕೆಲಸ ಮಾಡುತ್ತಾನೆಯೇ?’ ಎಂದು ಹಿರಿಯರು ಕೇಳುವಾಗ ಅವರ ಮನಸ್ಸಿನಲ್ಲಿರುವುದು ಎರಡನೆಯ ಅರ್ಥ. ಒಂದೇ ಶಬ್ದ ಎರಡನ್ನೂ ಹೊತ್ತಿರುವುದು ಸುಮ್ಮನೆ ಅಲ್ಲ. ಇನ್ನೊಬ್ಬನನ್ನು ಮೆಚ್ಚುವಾಗ ನನ್ನ ಗೌರವ ಕಳೆದುಹೋಗಬಾರದು. ಹೋದರೆ ಅದು ಅಭಿಮಾನವಲ್ಲ, ಗುಲಾಮಗಿರಿ.

ಮೆಚ್ಚುಗೆಯೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಸಿಂಧನೂರಿನ ಸುತ್ತಲಿನ ಆರ್.ಎಚ್. ಕ್ಯಾಂಪ್‌ಗಳನ್ನು ನೆನೆಯಿರಿ. ಹಿಂದಿನ ಪೂರ್ವ ಪಾಕಿಸ್ತಾನದಿಂದ ಮನೆ ಹೊಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಲ್ಲಿ ಸರಕಾರ ಪುನರ್ವಸತಿ ಕಲ್ಪಿಸಿದ ಊರುಗಳವು. ಊರು ಬಿಟ್ಟು ಬರುವವನು ಪಾತ್ರೆಪಗಡೆ ತರಲಾರ, ಆದರೆ ಹಾಡನ್ನು ತರಬಲ್ಲ. ಯಾವ ಗಡಿಯಲ್ಲಿಯೂ ಅದನ್ನು ಕಸಿದುಕೊಳ್ಳಲು ಬಾರದು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಮತ್ತು ತೆಲುಗು ಕಿವಿಗೆ ಬೀಳುವ ಇಂಥ ಸೀಮೆಯಲ್ಲಿ ಒಂದು ಹೊಸ ಹಾಡು, ಒಂದು ಚಿತ್ರಕಥೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಬಾಗಿಲಾಗಬಲ್ಲದು.

ಬಂಗಾಳಿ ಮಕ್ಕಳಿಗಾಗಿ 1962ರಲ್ಲಿ ‘ಹಾಂದಾ ಭೋಂದಾ’ವನ್ನೂ 1965ರಲ್ಲಿ ‘ಬಾಂಟುಲ್’ನನ್ನೂ ಆರಂಭಿಸಿದ ನಾರಾಯಣ ದೇಬನಾಥ್, ಅರ್ಧ ಶತಮಾನ ಆ ಚಿತ್ರಕಥೆಗಳನ್ನು ಬರೆದು 2022ರ ಜನವರಿಯಲ್ಲಿ ತೀರಿಕೊಂಡರು. 1964ರಲ್ಲಿ ಹುಟ್ಟಿ 1990ರಲ್ಲಿ ನಿಂತುಹೋದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬರುತ್ತಿತ್ತು. ಇಂಥವನ್ನು ಮೆಚ್ಚಿದ ಹುಡುಗ ಮುಂದಿನ ಸಂಚಿಕೆಗಾಗಿ ಕಾಯುವುದನ್ನು ಕಲಿಯುತ್ತಾನೆ. ಪೆನ್ಸಿಲ್ ಹಿಡಿದು ಆ ಗೆರೆಯನ್ನು ತಾನೂ ಎಳೆದು ನೋಡುತ್ತಾನೆ. ತನಗೆ ತಿಳಿಯದ ಮಾತಿನ ಅರ್ಥವನ್ನು ಪಕ್ಕದ ಮನೆಯವನಲ್ಲಿ ಕೇಳುತ್ತಾನೆ. ಈ ಮೆಚ್ಚುಗೆ ಅವನನ್ನು ಬೆಳೆಸಿತು. ಇದನ್ನು ಹುಚ್ಚು ಎನ್ನುವುದು ಅನ್ಯಾಯ.

ಇನ್ನೊಂದು ಮುಖವನ್ನೂ ನೋಡಿ. 2024ರ ಜನವರಿ 8ರಂದು ನಟ ಯಶ್ ಅವರ ಹುಟ್ಟುಹಬ್ಬ. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಯುವಕರು ರಾತ್ರಿಯ ಹೊತ್ತು ಅವರ ಕಟೌಟ್ ನಿಲ್ಲಿಸುತ್ತಿದ್ದಾಗ ವಿದ್ಯುತ್ ತಗುಲಿ ಮೂವರು ಸತ್ತರು. ನಟ ಆ ಊರಿಗೆ ಬಂದು ಮನೆಯವರಿಗೆ ಸಾಂತ್ವನ ಹೇಳಿ ಹೋದರು. ಅವರಾದರೂ ಮತ್ತೇನು ಮಾಡಬಲ್ಲರು? ಒಂದು ಹಲಗೆಯ ಚಿತ್ರ ನೆಟ್ಟಗೆ ನಿಲ್ಲಲೆಂದು ಮೂರು ಜೀವಗಳು ಮಲಗಿದವು.

ಅದೇ ವರ್ಷದ ಜೂನ್‌ನಲ್ಲಿ ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ಹೆಸರಾಂತ ನಟರೊಬ್ಬರ ಬಂಧನವಾಯಿತು. ಅಪರಾಧಿ ಯಾರೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ಕೆಲವು ಅಭಿಮಾನಿಗಳು ಮಾಡಿದ್ದೇನು? ಸೆರೆಮನೆಯಲ್ಲಿ ಅವರಿಗೆ ಕೊಟ್ಟ 6106 ಎಂಬ ಸಂಖ್ಯೆಯನ್ನು ವಾಹನಗಳ ಮೇಲೆ ಬರೆಸಿಕೊಂಡರು. ಹಸುಗೂಸೊಂದಕ್ಕೆ ಕೈದಿಯ ಉಡುಪು ತೊಡಿಸಿ, ಅದರ ಮೇಲೆ ಅದೇ ಸಂಖ್ಯೆ ಹಾಕಿ ಫೋಟೋ ತೆಗೆಸಿದರು. ಸತ್ತವನ ಮನೆಯಲ್ಲಿ ಇನ್ನೂ ಕಣ್ಣೀರು ಆರಿರಲಿಲ್ಲ. ಮೆಚ್ಚುಗೆ ಮನುಷ್ಯನ ವಿವೇಕವನ್ನು ಕಿತ್ತುಕೊಂಡರೆ ಮುಂದಿನ ಸರದಿ ಕರುಣೆಯದು.

ಹಾಗಾದರೆ ಅಭಿಮಾನದ ಬಲ ಕೆಡುಕಿಗೆ ಮಾತ್ರವೇ? ಖಂಡಿತ ಅಲ್ಲ. ಡಾ. ರಾಜ್‌ಕುಮಾರ್ ತಮ್ಮನ್ನು ಮೆಚ್ಚಿದವರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ವಾಹನಗಳು ಸುಟ್ಟವು, ಜೀವಗಳೂ ಹೋದವು. ಅವರ ಮಗ ಪುನೀತ್ 2021ರ ಅಕ್ಟೋಬರ್ 29ರಂದು ಅಗಲಿದಾಗ ದಾನವಾಗಿ ಬಂದ ಅವರ ಕಣ್ಣುಗಳಿಂದ ನಾಲ್ವರು ದೃಷ್ಟಿ ಪಡೆದರು. ಆಗಲೂ ದುಃಖ ತಾಳಲಾರದೆ ಪ್ರಾಣ ಕಳೆದುಕೊಂಡವರಿದ್ದರು. ಆದರೆ ರಾಜ್ಯದ ಉದ್ದಗಲಕ್ಕೂ ನೇತ್ರದಾನಕ್ಕೆ ಹೆಸರು ನೋಂದಾಯಿಸಲು ಜನ ಮುಂದೆ ಬಂದರು. ಅಂಗದಾನದ ಕುರಿತು ನಮ್ಮ ವಿದ್ವಾಂಸರಲ್ಲಿ ಭಿನ್ನ ಅಭಿಪ್ರಾಯಗಳಿವೆ, ಆ ಮಾತು ಬೇರೆ. ತಂದೆಗಾಗಿ ಬಸ್ಸಿಗೆ ಕಲ್ಲು ಎಸೆದ ಅಭಿಮಾನವೇ ಮಗನಿಗಾಗಿ ಕುರುಡರ ಕಡೆಗೆ ಕೈ ಚಾಚಿತು. ನೀರು ಒಂದೇ, ಕಾಲುವೆ ಬೇರೆ. ಕಾಲುವೆ ತೋಡುವ ಹೊಣೆ ಮೆಚ್ಚುವವನದು.

ಈಗ ಆ ಪ್ರಶ್ನೆ: ‘ನೀನು ಇಷ್ಟೊಂದು ಮೆಚ್ಚುವೆಯಲ್ಲ, ಅವನಿಗಾಗಿಯೂ ನೀನು ಮಾಡಲಾರದ್ದು ಏನಾದರೂ ಇದೆಯೇ?’ ‘ಇದೆ’ ಎನ್ನುವವನು ಅಭಿಮಾನಿ. ಅವನಲ್ಲಿ ಆತ್ಮಗೌರವ ಇನ್ನೂ ಉಳಿದಿದೆ. ‘ಏನೂ ಇಲ್ಲ, ಅವನು ಹೇಳಿದ್ದೇ ಸರಿ, ಮಾಡಿದ್ದೇ ನ್ಯಾಯ’ ಎನ್ನುವವನು ಸೃಷ್ಟಿಕರ್ತನಿಗೆ ಮಾತ್ರ ಸಲ್ಲಬೇಕಾದ ಜಾಗದಲ್ಲಿ ತನ್ನಂತೆಯೇ ಹಸಿವು ನಿದ್ರೆಗಳಿರುವ ಒಬ್ಬ ಮನುಷ್ಯನನ್ನು ಕೂರಿಸಿದ್ದಾನೆ.

ಓದುಗ ಮಿತ್ರರೇ, ಈ ಪ್ರಶ್ನೆ ಹುಡುಗರಿಗೆ ಮಾತ್ರ ಎಂದು ನಿರಾಳರಾಗಬೇಡಿ. ನಾವು ಚಿತ್ರಮಂದಿರದ ಮುಂದೆ ಸಾಲು ನಿಲ್ಲದಿರಬಹುದು. ಆದರೆ ನಮ್ಮ ಮೆಚ್ಚಿನ ಪ್ರವಚನಕಾರರ ಮಾತಿನಲ್ಲಿ ತಪ್ಪಿದೆ ಎಂದು ಯಾರಾದರೂ ಮೆಲ್ಲಗೆ ಹೇಳಿದರೆ ನಮಗೆ ಬರುವ ಸಿಟ್ಟು ಯಾವ ಬಗೆಯದು? ನಮ್ಮ ನಾಯಕನ ಮೇಲೆ ಆರೋಪ ಬಂದಾಗ ಅದನ್ನು ಓದುವ ಮೊದಲೇ ಸುಳ್ಳೆನ್ನುವ ನಮಗೂ, ವಾಹನದ ಮೇಲೆ ಆ ಸಂಖ್ಯೆ ಬರೆಸಿಕೊಂಡವನಿಗೂ ಇರುವ ಅಂತರವೆಷ್ಟು? ಮಕ್ಕಳು ನಮ್ಮ ಉಪದೇಶದಿಂದ ಕಲಿಯುವುದು ಕಡಿಮೆ. ನಾವು ಯಾರನ್ನು ಹೇಗೆ ಮೆಚ್ಚುತ್ತೇವೆ ಎಂಬುದನ್ನು ನೋಡಿಯೇ ಅವರು ಮೆಚ್ಚಲು ಕಲಿಯುತ್ತಾರೆ.

ಆದ್ದರಿಂದ ಹುಡುಗನನ್ನು ಗದರಿಸುವ ಮೊದಲು ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಅವನು ಏನನ್ನು ಮೆಚ್ಚುತ್ತಾನೆ, ಏಕೆ ಮೆಚ್ಚುತ್ತಾನೆ ಎಂದು ಪೂರ್ತಿಯಾಗಿ ಕೇಳಿಸಿಕೊಳ್ಳಿ. ಆಮೇಲೆ ಆ ಪ್ರಶ್ನೆ ಕೇಳಿ. ಅವನು ನಿಮ್ಮನ್ನೂ ಅದೇ ಪ್ರಶ್ನೆ ಕೇಳಬಹುದು. ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಿ.